ತಾರಸಿ ಮೇಲೆ ಸೂರ್ಯ, ಬಚ್ಚಲಲ್ಲಿ ತಣ್ಣೀರು!

ಚಳಿಗಾಲಕ್ಕೆ ಉಗುರುಬೆಚ್ಚಗೆ, ಬೇಸಿಗೆಗೆ ಕೊತಕೊತ: ಸೋಲಾರ್ ನಂಬಿದ ಮನೆಗಳ ಫಜೀತಿ

ದಾವಣಗೆರೆ: ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್, ಸರಸ್ವತಿ ನಗರ, ನಿಟುವಳ್ಳಿ, ಯಾವ ಬಡಾವಣೆಯ ತಾರಸಿ ಹತ್ತಿ ಕಣ್ಣು ಹಾಯಿಸಿದರೂ ಎದ್ದು ಕಾಣುವ ವಸ್ತು ಎರಡು. ಒಂದು ಕರಿ ನೀರಿನ ಟ್ಯಾಂಕು, ಇನ್ನೊಂದು ಅದರ ಪಕ್ಕ ಬಿಸಿಲಿಗೆ ಮೈಯೊಡ್ಡಿ ಮಲಗಿದ ಸೋಲಾರ್.

ಹಿಂದೆ ಇದೇ ಊರಿನ ಬಚ್ಚಲುಗಳಲ್ಲಿ ಹಂಡೆ ಇತ್ತು. ಹಂಡೆಯ ಕೆಳಗೆ ಒಲೆ, ಒಲೆಗೆ ಕಟ್ಟಿಗೆ, ತೆಂಗಿನ ಚಿಪ್ಪು, ಮರದ ಹೊಟ್ಟು. ಕಟ್ಟಿಗೆ ತುಟ್ಟಿಯಾಯಿತು, ಹೊಗೆ ಬೇಡವಾಯಿತು, ಗೀಸರ್ ಬಂತು. ಗೀಸರಿನ ಬಿಲ್ಲಿಗೆ ಹೆದರಿದ ಜನ ಸೋಲಾರಿಗೆ ಬಂದರು. 2007ರಲ್ಲಿ ರಾಜ್ಯ ಸರ್ಕಾರವೇ ಹೊಸ ಕಟ್ಟಡಗಳಿಗೆ ಸೋಲಾರ್ ಕಡ್ಡಾಯ ಅಂತ ಆದೇಶ ಹೊರಡಿಸಿತು. ಸೋಲಾರ್ ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯೂ ಬಹಳ ವರ್ಷ ಸಿಕ್ಕಿತು. 2010ರಲ್ಲಿ ಶುರುವಾದ ರಾಷ್ಟ್ರೀಯ ಸೌರ ಮಿಷನ್‌ನಲ್ಲಿ ಕೇಂದ್ರದ ಸಹಾಯಧನವೂ ಇತ್ತು. ಹೀಗೆ ತಾರಸಿ ತುಂಬಿತು.

ಆದರೆ ಹಂಡೆಗೆ ಇದ್ದ ಒಂದು ಅನುಕೂಲ ಸೋಲಾರಿಗೆ ಇಲ್ಲ. ನೀರು ಜಾಸ್ತಿ ಕಾದರೆ ಒಲೆಯಿಂದ ಕೊಳ್ಳಿ ಹಿಂದಕ್ಕೆ ಎಳೆಯಬಹುದಿತ್ತು. ಕಾಯದಿದ್ದರೆ ಇನ್ನೆರಡು ಕಟ್ಟಿಗೆ ಒಟ್ಟಬಹುದಿತ್ತು. ಸೂರ್ಯನನ್ನು ಹಿಂದಕ್ಕೆ ಎಳೆಯುವವರು ಯಾರು?

ಹಾಗಾಗಿ ಡಿಸೆಂಬರ್ ಬಂದರೆ ಒಂದು ದೂರು, ಏಪ್ರಿಲ್ ಬಂದರೆ ಇನ್ನೊಂದು. ಚಳಿಯಲ್ಲಿ 'ಬಿಸೀನೇ ಬರಲ್ಲರೀ' ಅನ್ನುವವರೇ ಬೇಸಿಗೆಯಲ್ಲಿ 'ಕೈ ಇಡೋಕಾಗಲ್ಲರೀ' ಅನ್ನುತ್ತಾರೆ. ಮೆಕ್ಯಾನಿಕ್ಕಿಗೆ ಫೋನ್ ಹೋಗುತ್ತದೆ. ಆತ ತಾರಸಿ ಹತ್ತಿ, ಎರಡು ಕಡೆ ತಟ್ಟಿ, ಒಂದು ಪಾರ್ಟು ಬದಲಿಸಿ, ದುಡ್ಡು ಎಣಿಸಿಕೊಂಡು ಇಳಿಯುತ್ತಾನೆ. ಮರುವಾರ ಅದೇ ಕಥೆ. ರೋಗ ಯಾವುದು ಅಂತ ಮನೆಯವರಿಗೂ ಗೊತ್ತಿಲ್ಲ, ಎಷ್ಟೋ ಸಲ ಮದ್ದು ಕೊಟ್ಟವನಿಗೂ ಗೊತ್ತಿಲ್ಲ.

ತಿರುಪು ತಿರುಗಿಸಿದರೆ ಬಿಸಿಲು ಕಡಿಮೆಯಾಗದು

ಮೊದಲು ಯಂತ್ರ ತಿಳಿಯಬೇಕು. ಮನೆ ಸೋಲಾರಿನಲ್ಲಿ ಎರಡು ಜಾತಿ. ಗಾಜಿನ ಮುಚ್ಚಳದ ಕೆಳಗೆ ಕಪ್ಪು ತಗಡು, ಅದಕ್ಕೆ ಬೆಸೆದ ತಾಮ್ರದ ಪೈಪು ಇರುವುದು ಪ್ಲೇಟಿನದು. ಸಾಲಾಗಿ ಗಾಜಿನ ಕೊಳವೆ ಜೋಡಿಸಿರುವುದು ಟ್ಯೂಬಿನದು. ಎರಡರಲ್ಲೂ ತತ್ವ ಒಂದೇ. ಕಾದ ನೀರು ಹಗುರ, ಮೇಲೇರುತ್ತದೆ. ತಣ್ಣೀರು ಭಾರ, ಕೆಳಗಿಳಿಯುತ್ತದೆ. ಪಂಪೂ ಇಲ್ಲ, ಮೋಟಾರೂ ಇಲ್ಲ. ಹಗಲೆಲ್ಲ ನೀರು ತಾನೇ ಸುತ್ತಿ ಸುತ್ತಿ ಟ್ಯಾಂಕಿನ ತಲೆಯಲ್ಲಿ ಬಿಸಿಯಾಗಿ ಕೂರುತ್ತದೆ. ಕಾಯಿಸುವ ಪೆಟ್ಟಿಗೆಯನ್ನು ಬೇರೆ ಇಟ್ಟು, ಕಾದ ನೀರನ್ನು ಶಾಖ ಸೋರದ ಟ್ಯಾಂಕಿನಲ್ಲಿ ಕೂಡಿಡುವ ಈ ಉಪಾಯವನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಬೈಲಿ ಎಂಬಾತ 1909ರಲ್ಲೇ ಮಾರುಕಟ್ಟೆಗೆ ತಂದಿದ್ದ. ನೂರು ವರ್ಷ ದಾಟಿದರೂ ತಾರಸಿ ಮೇಲಿರುವುದು ಅದೇ ಉಪಾಯ.

ಇನ್ನು ಥರ್ಮೋಸ್ಟಾಟ್. 'ಅದನ್ನು 60ಕ್ಕೆ ಇಟ್ಟಿದ್ದೀವಲ್ಲ, ನೀರು 80 ಡಿಗ್ರಿ ಹೆಂಗೆ ಬಂತು?' ಎಂದು ಕೇಳುವವರು ಬಹಳ. ಟ್ಯಾಂಕಿನ ಬದಿಯ ಥರ್ಮೋಸ್ಟಾಟ್ ಹಿಡಿತದಲ್ಲಿಡುವುದು ಒಳಗಿನ ಕರೆಂಟ್ ಕಾಯಿಲನ್ನು ಮಾತ್ರ. ಮೋಡದ ದಿನಕ್ಕೆಂದು ಇಟ್ಟಿರುವ ಕಾಯಿಲ್ ಅದು. ನೀರು 60 ಮುಟ್ಟಿದರೆ ಕರೆಂಟ್ ನಿಲ್ಲುತ್ತದೆ, ಬಿಸಿಲು ನಿಲ್ಲುವುದಿಲ್ಲ. ಮನೆ ಸೋಲಾರಿನಲ್ಲಿ ಬಿಸಿಲಿನ ಶಾಖಕ್ಕೆ ಲಗಾಮೇ ಇಲ್ಲ. ಇಷ್ಟು ಗೊತ್ತಾದರೆ ಅರ್ಧ ಜಗಳ ಮುಗಿಯಿತು.

ಬೇಸಿಗೆ: ಐದು ಸೆಕೆಂಡಿನ ಮಾತು

ಏಪ್ರಿಲ್ ಕೊನೆಯ ಹೊತ್ತಿಗೆ ದಾವಣಗೆರೆಯಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಟ್ಯಾಂಕಿಗೆ ಹೋಗುವ ನೀರೇ ಬೆಚ್ಚಗಿರುತ್ತದೆ, ಮನೆಯವರಿಗೆ ಬಿಸಿನೀರು ಬೇಡವಾಗಿರುತ್ತದೆ. ಇವತ್ತಿನ ಬಿಸಿ ಹಾಗೇ ಉಳಿದು ಅದರ ಮೇಲೆ ನಾಳೆಯ ಬಿಸಿ ಕೂಡುತ್ತದೆ. ಟ್ಯೂಬಿನ ಸೋಲಾರಿನಲ್ಲಿ ಈ ಕಾಲಕ್ಕೆ 80 ಡಿಗ್ರಿ ದಾಟುವುದು ಅಚ್ಚರಿಯಲ್ಲ. ಮನೆ ಬೀಗ ಹಾಕಿ ನಾಲ್ಕು ದಿನ ಊರಿಗೆ ಹೋಗಿ ಬಂದವರಂತೂ ಮೊದಲ ನಲ್ಲಿ ತಿರುಗಿಸುವಾಗ ಎಚ್ಚರವಾಗಿರಬೇಕು.

ಮೈಗೆ ಹಿತವಾದ ಸ್ನಾನದ ನೀರು 38ರಿಂದ 40 ಡಿಗ್ರಿ. 50 ಡಿಗ್ರಿಯ ನೀರು ಚರ್ಮ ಸುಡಲು ಕೆಲವು ನಿಮಿಷ ಬೇಕು. 60 ಡಿಗ್ರಿಗೆ ಐದೇ ಸೆಕೆಂಡು ಸಾಕು. 70 ಡಿಗ್ರಿಗೆ ಒಂದು ಸೆಕೆಂಡೂ ಬೇಡ. ಇದು ದೊಡ್ಡವರ ಚರ್ಮದ ಲೆಕ್ಕ. ಮಕ್ಕಳ ಚರ್ಮ ತೆಳು, ಅಷ್ಟು ಹೊತ್ತೂ ಬೇಡ. ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡ ಹಿರಿಯರಿಗೆ ಸುಟ್ಟಿದ್ದೇ ತಿಳಿಯದಿರಬಹುದು. ಹಂಡೆ ಕಾಲದಲ್ಲಿ ಅಜ್ಜಿ ತೊಟ್ಟಿಯಲ್ಲಿ ಬೆರಳದ್ದಿ ನೋಡಿಯೇ ಮೊಮ್ಮಗನನ್ನು ಕರೆಯುತ್ತಿದ್ದಳು. ಈಗ ಷವರಿನ ಕೆಳಗೆ ನಿಂತು ನಲ್ಲಿ ತಿರುಗಿಸುವ ಕಾಲ. ಬೆರಳಿಗಿಂತ ಮೊದಲು ತಲೆಗೇ ನೀರು ಬೀಳುತ್ತದೆ.

ಮಾಡಬೇಕಾದ್ದು ಇಷ್ಟು. ಒಂದು, ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮವನ್ನು ಮನೆಮಂದಿಗೆಲ್ಲ ರೂಢಿ ಮಾಡಿಸಬೇಕು. ಎರಡು, ಮಾರ್ಚಿನಿಂದ ಮೇವರೆಗೆ ಸೋಲಾರಿನ ಅರ್ಧ ಭಾಗಕ್ಕೆ ಗೋಣಿತಾಟೋ ಹಸಿರು ಬಲೆಯೋ ಹೊದಿಸಿ ಗಾಳಿಗೆ ಹಾರದಂತೆ ಕಟ್ಟಬೇಕು. ಊರಿಗೆ ಹೋಗುವವರು ಪೂರ್ತಿ ಮುಚ್ಚಿ ಹೋಗಬೇಕು. ಮೂರು, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯವರು ಬಚ್ಚಲಿಗೆ ಬರುವ ಬಿಸಿನೀರಿನ ಪೈಪಿಗೆ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಕೂರಿಸಬೇಕು. ಬಿಸಿನೀರಿಗೆ ತಾನಾಗಿ ತಣ್ಣೀರು ಬೆರೆಸಿ ಹೇಳಿದ ಡಿಗ್ರಿಯಲ್ಲಿ ಬಿಡುವ ವಾಲ್ವ್ ಇದು. ಸೋಲಾರಿಗೆ ನಿಜವಾದ ಲಗಾಮು ಅಂತ ಇದ್ದರೆ ಇದೇ. ಖರ್ಚಿದೆ, ನಿಜ. ಆಸ್ಪತ್ರೆ ಖರ್ಚು ಅದಕ್ಕಿಂತ ದೊಡ್ಡದು.

ಸುಟ್ಟೇಬಿಟ್ಟರೆ? ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ ಯಾವುದೂ ಬೇಡ, ಐಸೂ ಬೇಡ. ಹರಿಯುವ ತಣ್ಣನೆಯ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಆಮೇಲೆ ಶುಭ್ರ ಬಟ್ಟೆ ಮುಚ್ಚಿ ಡಾಕ್ಟರ ಹತ್ತಿರ ಹೋಗಬೇಕು.

ಚಳಿಗಾಲ: ಕಳ್ಳ ಎಲ್ಲಿದ್ದಾನೆ?

ಬಿಸಿ ಬರುತ್ತಿಲ್ಲ ಅಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಬಿಸಿ ಹುಟ್ಟುತ್ತಲೇ ಇಲ್ಲವೋ, ಹುಟ್ಟಿ ಕಳುವಾಗುತ್ತಿದೆಯೋ?

ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ಶಾಲೆಯ ಪ್ರಯೋಗಾಲಯದಲ್ಲಿ ಇರುವಂಥ 110 ಡಿಗ್ರಿಯ ಥರ್ಮಾಮೀಟರ್ ಒಂದು ಸಾಕು. ಜ್ವರ ನೋಡುವುದು ಬೇಡ, ಒಡೆದೀತು. ಸೋಲಾರಿಗೆ ಹತ್ತಿರದ ಬಿಸಿನೀರಿನ ನಲ್ಲಿಯಿಂದ ಸಂಜೆ 4 ಗಂಟೆಗೆ ಒಂದು ಚೊಂಬು, ಮರುದಿನ ಬೆಳಿಗ್ಗೆ 6ಕ್ಕೆ ಒಂದು ಚೊಂಬು ನೀರು ಹಿಡಿದು ಅಳೆಯಬೇಕು. ಮೊದಲು ಪೈಪಿನಲ್ಲಿ ನಿಂತ ತಣ್ಣೀರು ಹರಿದುಹೋಗಲು ಬಿಡಬೇಕು. ಒಂದು ವಾರ ಅಂಗಡಿ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದಿಟ್ಟರೆ ಕಳ್ಳನ ಹೆಜ್ಜೆ ಕಾಣುತ್ತದೆ.

ಸಂಜೆಗೂ ತಣ್ಣಗಿದ್ದರೆ ಬಿಸಿ ಹುಟ್ಟುತ್ತಿಲ್ಲ. ದೋಷ ತಾರಸಿ ಮೇಲೆ. ಸಂಜೆ ಬಿಸಿ ಇದ್ದು ಬೆಳಿಗ್ಗೆಗೆ ಆರಿದ್ದರೆ ರಾತ್ರಿ ಕಳುವಾಗಿದೆ. ಎರಡೂ ಹೊತ್ತು ಆ ನಲ್ಲಿಯಲ್ಲಿ ಬಿಸಿ ಇದ್ದು ದೂರದ ಬಚ್ಚಲಲ್ಲಿ ಮಾತ್ರ ಇಲ್ಲವೆಂದರೆ ದೋಷ ಪೈಪಿನದು.

ಹುಟ್ಟದ ಬಿಸಿ

ತಾರಸಿಯ ದೋಷದಲ್ಲಿ ಮೊದಲನೆಯದು ನೆರಳು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಈ ಊರಲ್ಲಿ ನಡುಮಧ್ಯಾಹ್ನಕ್ಕೂ ಆತ ಏರುವುದು 52 ಡಿಗ್ರಿಯಷ್ಟೇ. ದಕ್ಷಿಣಕ್ಕೆ 10 ಅಡಿ ಗೋಡೆ ಎದ್ದರೆ ಆ ಹೊತ್ತಿಗೇ 8 ಅಡಿ ನೆರಳು. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಪಕ್ಕದವರು ಮೇಲೊಂದು ಮಹಡಿ ಕಟ್ಟಿದ ವರ್ಷದಿಂದಲೇ ಸೋಲಾರ್ 'ಕೆಟ್ಟಿದೆ' ಎಂದರೆ ಕೆಟ್ಟಿದ್ದು ಸೋಲಾರ್ ಅಲ್ಲ, ಜಾಗ. ಬಿಸಿಲಿರುವ ಕಡೆ, ದಕ್ಷಿಣಕ್ಕೆ ಮುಖಮಾಡಿ ಎತ್ತಿಡುವುದೇ ಮದ್ದು.

ಎರಡನೆಯದು ದೂಳು. ಮಂಡಕ್ಕಿ ಭಟ್ಟಿಯ ಹೊಗೆ, ಲಾರಿ ಎಬ್ಬಿಸಿದ ಮಣ್ಣು ಗಾಜಿನ ಮೇಲೆ ಕೂತರೆ ಬಿಸಿಲು ಒಳಗೆ ಇಳಿಯದು. ಹದಿನೈದು ದಿನಕ್ಕೊಮ್ಮೆ ಒರೆಸಬೇಕು, ಅದೂ ಸೂರ್ಯ ಹುಟ್ಟುವ ಮುಂಚೆ. ಮಟಮಟ ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಟ್ಟೀತು.

ಮೂರನೆಯದು ಟ್ಯೂಬಿನ ಪ್ರಾಣ. ಗಾಜಿನ ಕೊಳವೆಗೆ ಎರಡು ಪದರ, ನಡುವೆ ಗಾಳಿ ತೆಗೆದ ಜಾಗ. ಒಳಗಿನ ಶಾಖ ಹೊರಹೋಗದಂತೆ ಕಾಯುವುದು ಅದೇ. ಗಾಳಿ ನುಗ್ಗಿದೆಯೋ ಇಲ್ಲವೋ ನೋಡಲು ಸುಲಭ ದಾರಿ ಇದೆ. ಕೊಳವೆಯ ತುದಿಯಲ್ಲಿ ಬೆಳ್ಳಿ ಬಣ್ಣದ ಲೇಪ ಕನ್ನಡಿಯಂತೆ ಹೊಳೆಯುತ್ತಿದ್ದರೆ ಸರಿ. ಅದು ಹಾಲಿನಂತೆ ಬಿಳಿಚಿಕೊಂಡಿದ್ದರೆ ಆ ಟ್ಯೂಬು ಸತ್ತಿತು. ಸತ್ತ ಒಂದು ಟ್ಯೂಬು ಬದಲಿಸಿದರೆ ಸಾಕು. ಇಡೀ ಸೆಟ್ಟು ಬದಲಿಸಿ ಅನ್ನುವವನ ಮಾತಿಗೆ ತಲೆಯಾಡಿಸುವ ಮುಂಚೆ ತುದಿಗಳನ್ನು ಎಣಿಸಿ.

ನಾಲ್ಕನೆಯದು ಸುಣ್ಣ. ಬೋರ್‌ವೆಲ್ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಬಿಡಬಹುದು ಅಂತಿದೆ. ಅಂಥ ನೀರು ಕಾದಷ್ಟೂ ಸುಣ್ಣ ಕಟ್ಟುತ್ತದೆ. ಚಹಾ ಪಾತ್ರೆಯ ತಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ಲೇಟಿನ ಸೋಲಾರಿನ ಸಣ್ಣ ತಾಮ್ರದ ಪೈಪಿನಲ್ಲಿ ಸುಣ್ಣ ಕಟ್ಟಿದರೆ ನೀರಿನ ಓಡಾಟವೇ ನಿಲ್ಲುತ್ತದೆ. ಆಸಿಡ್ ಹಾಕಿ ತೊಳೆಯುವುದು ಗೊತ್ತಿದ್ದವರ ಕೆಲಸ, ಮನೆಯವರು ಕೈ ಹಾಕಬಾರದು. ಬೋರ್ ನೀರನ್ನೇ ನಂಬಿದ ಮನೆಗೆ ಟ್ಯೂಬಿನದೇ ಮೇಲು.

ಐದನೆಯದು ಗಾಳಿ ಸಿಕ್ಕಿಕೊಳ್ಳುವುದು. ಮೇಲಿನ ಟ್ಯಾಂಕು ಬರಿದಾಗಿ ಮತ್ತೆ ತುಂಬಿದಾಗ ಪೈಪಿನಲ್ಲಿ ಗಾಳಿ ಉಳಿದು ನೀರು ಸುತ್ತುವುದಿಲ್ಲ. ಮಧ್ಯಾಹ್ನ ಪ್ಲೇಟಿನ ಮೇಲ್ತುದಿಯ ಪೈಪು ಬಟ್ಟೆ ಹಿಡಿದು ಮುಟ್ಟಿದರೂ ಸುಡುತ್ತಿದ್ದು, ಟ್ಯಾಂಕಿನ ನೀರು ಮಾತ್ರ ತಣ್ಣಗಿದ್ದರೆ ಗಾಳಿಯದೋ ಸುಣ್ಣದೋ ಕಿತಾಪತಿ ಎಂದು ತಿಳಿಯಬೇಕು. ಟ್ಯಾಂಕಿನ ನೆತ್ತಿಯ ಮೇಲೆ ಮೇಲ್ಮುಖವಾಗಿ ನಿಂತ ಪೈಪು ಗಾಳಿ ಮತ್ತು ಆವಿ ಹೋಗುವ ದಾರಿ. ನೀರು ಉಕ್ಕುತ್ತದೆ ಅಂತ ಅದರ ಬಾಯಿಗೆ ಕ್ಯಾಪು ಹಾಕಿ ಮುಚ್ಚುವವರಿದ್ದಾರೆ. ಮುಚ್ಚಿದರೆ ಆವಿಗೆ ದಾರಿಯಿಲ್ಲದೆ ಟ್ಯಾಂಕೇ ಒಡೆಯುವ ಅಪಾಯ. ಉಕ್ಕುತ್ತಿದ್ದರೆ ಪೈಪನ್ನು ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರ ಮಾಡಬೇಕು, ಅಷ್ಟೇ.

ಇನ್ನೊಂದು ಎಚ್ಚರ: ಬಿಸಿಲಲ್ಲಿ ನೀರಿಲ್ಲದೆ ಒಣಗಿ ನಿಂತ ಟ್ಯೂಬಿನ ಒಳಗೆ 200 ಡಿಗ್ರಿ ದಾಟುತ್ತದೆ. ಆಗ ತಣ್ಣೀರು ಬಿಟ್ಟರೆ ಪಟಪಟನೆ ಒಡೆಯುತ್ತದೆ. ನಗರಪಾಲಿಕೆ ನೀರು ತಡವಾಗಿ ಬಂದ ದಿನ ಸೋಲಾರಿಗೆ ನೀರು ಬಿಡುವುದು ರಾತ್ರಿಯೋ ನಸುಕಿನಲ್ಲೋ ಆಗಲಿ.

ರಾತ್ರಿ ಕಳುವಾಗುವ ಬಿಸಿ

ಪ್ಲೇಟಿನ ಸೋಲಾರಿನಲ್ಲಿ ಟ್ಯಾಂಕಿನ ತಳ ಪ್ಲೇಟಿನ ಮೇಲ್ತುದಿಗಿಂತ ಒಂದು ಅಡಿಯಾದರೂ ಎತ್ತರ ಇರಬೇಕು. ಅವಸರದಲ್ಲಿ ಕೂರಿಸಿ ಹೋದ ಕಡೆ ಅಷ್ಟು ಅಂತರ ಇರುವುದಿಲ್ಲ. ರಾತ್ರಿ ಪ್ಲೇಟು ತಣ್ಣಗಾದಾಗ ನೀರು ಹಿಮ್ಮುಖ ಸುತ್ತಿ, ಹಗಲು ಗಳಿಸಿದ್ದನ್ನೆಲ್ಲ ಆಕಾಶಕ್ಕೆ ಕೊಟ್ಟು ಬರುತ್ತದೆ. ಟ್ಯಾಂಕಿನ ಹೊರಮೈ ರಾತ್ರಿ ಬೆಚ್ಚಗಿದ್ದರೆ ಒಳಗಿನ ಹೊದಿಕೆ ನೆನೆದು ಹಾಳಾಗಿದೆ ಎಂದರ್ಥ.

ಆದರೆ ಎಲ್ಲಕ್ಕಿಂತ ದೊಡ್ಡ ಕಳ್ಳ ಇರುವುದು ಬಚ್ಚಲಲ್ಲಿ, ಕಣ್ಣೆದುರಿಗೇ. ಅದು ಮಿಕ್ಸರ್ ನಲ್ಲಿ. ಬಿಸಿ, ತಣ್ಣೀರು ಎರಡೂ ಪೈಪು ಅಲ್ಲಿ ಸೇರುತ್ತವೆ. ಒಳಗಿನ ಬಿರಡೆ ಸವೆದಿದ್ದರೆ, ಅಥವಾ ಎರಡೂ ಕಡೆ ತಿರುಗಿಸಿಟ್ಟು ಮುಂದಿನ ಷವರ್ ಮಾತ್ರ ಮುಚ್ಚಿದ್ದರೆ, ಒತ್ತಡ ಹೆಚ್ಚಿರುವ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪು ಹಾಕಿಸಿದ ಮನೆಗಳಲ್ಲಿ ಇದು ಖಾಯಂ ಕಾಯಿಲೆ. ಒಂದೇ ಸೋಲಾರಿನಿಂದ ಮೂರು ಬಾಡಿಗೆ ಮನೆಗೆ ಪೈಪು ಎಳೆದ ಕಡೆ, ಕೆಳಮನೆಯ ಒಂದು ಸವೆದ ನಲ್ಲಿ ಮೂರೂ ಮನೆಯ ನೀರು ಆರಿಸುತ್ತದೆ. ಮಹಡಿಯವರು ಕೆಳಗಿನವರನ್ನು, ಕೆಳಗಿನವರು ಮಾಲೀಕರನ್ನು, ಮಾಲೀಕರು ಕಂಪನಿಯನ್ನು ಬೈದುಕೊಂಡು ತಿಂಗಳು ಕಳೆಯುತ್ತದೆ. ಬಾಡಿಗೆದಾರರು ಮನೆ ಬಿಟ್ಟು ಹೋಗುವ ಮಟ್ಟಕ್ಕೂ ಜಗಳ ಬೆಳೆಯುತ್ತದೆ. ತಪ್ಪು ಯಾರದೂ ಅಲ್ಲ, ಒಂದು ವಾಷರಿನದು!

ಪತ್ತೆ ಹಚ್ಚುವುದು ಹೀಗೆ. ಬೆಳಿಗ್ಗೆ ಬೇಗ, ಸೋಲಾರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಬೇಕು. ಒಂದು ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಮಾತ್ರ ತೆರೆಯಬೇಕು. ಸ್ವಲ್ಪ ಹೊತ್ತು ಸುರಿದು ನೀರು ನಿಂತರೆ ಸರಿ. ನಿಲ್ಲದೆ ಸುರಿಯುತ್ತಲೇ ಇದ್ದು ತಣ್ಣಗಾದರೆ ಎಲ್ಲೋ ತಣ್ಣೀರು ನುಗ್ಗುತ್ತಿದೆ. ಆಮೇಲೆ ಒಂದೊಂದೇ ಬಚ್ಚಲಿನ ತಣ್ಣೀರಿನ ಪೈಪು ಬಂದ್ ಮಾಡುತ್ತ ಹೋದರೆ, ಯಾವುದನ್ನು ಮುಚ್ಚಿದಾಗ ನೀರು ನಿಲ್ಲುತ್ತದೋ ಅಲ್ಲಿದ್ದಾನೆ ಕಳ್ಳ. ಬಿರಡೆ ಬದಲಿಸಿ, ಹಿಮ್ಮುಖ ಹರಿವು ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಮುಗಿಯಿತು. ಪರೀಕ್ಷೆ ಮುಗಿದ ಕೂಡಲೇ ಸೋಲಾರಿನ ವಾಲ್ವ್ ತೆರೆಯಲು ಮರೆಯಬಾರದು.

ದೂರದ ಬಚ್ಚಲಿನ ದೂರಿಗೆ ಕಾರಣ ಸರಳ. ಮುಕ್ಕಾಲು ಇಂಚಿನ ಪೈಪು 60 ಅಡಿ ಉದ್ದ ಇದ್ದರೆ ಅದರ ಹೊಟ್ಟೆಯಲ್ಲೇ ನಾಲ್ಕೈದು ಲೀಟರ್ ತಣ್ಣೀರು ನಿಂತಿರುತ್ತದೆ. ಅದು ಹೊರಬಂದ ಮೇಲೇ ಬಿಸಿ. ಆ ನೀರನ್ನು ಬಕೆಟ್ಟಿಗೆ ಹಿಡಿದು ಬಳಸಬೇಕು. ಪೈಪಿಗೆ ಶಾಖ ತಡೆಯುವ ಸುತ್ತು ಹಾಕಿಸಬೇಕು.

ಲೆಕ್ಕವೇ ತಪ್ಪಿದರೆ ಯಂತ್ರ ಏನು ಮಾಡೀತು?

100 ಲೀಟರಿನ ಸೋಲಾರ್ ಒಳ್ಳೆ ಬಿಸಿಲಿನ ದಿನ 60 ಡಿಗ್ರಿ ನೀರು ಕೊಟ್ಟಿತು ಅನ್ನಿ. 22 ಡಿಗ್ರಿಯ ತಣ್ಣೀರು ಬೆರೆಸಿ 40ಕ್ಕೆ ತಂದರೆ ಸುಮಾರು 210 ಲೀಟರ್, ಅಂದರೆ 20 ಲೀಟರಿನ ಹತ್ತು ಬಕೆಟ್. ಚಳಿಗಾಲದ ಮೋಡದ ದಿನ 50 ಡಿಗ್ರಿಗೆ ನಿಂತು, ನಲ್ಲಿ ನೀರು 20 ಇದ್ದರೆ ಸಿಗುವುದು 150 ಲೀಟರ್, ಏಳೂವರೆ ಬಕೆಟ್. ನಾಲ್ಕು ಜನರ ಮನೆಗೆ ಇದು ಸಾಕು. ಎಂಟು ಜನರಿದ್ದು, ಷವರಿಗೂ ಪಾತ್ರೆ ತೊಳೆಯಲೂ ಅದನ್ನೇ ಬಳಸಿ, ಕೊನೆಯವರಿಗೆ ತಣ್ಣೀರು ಬಂದರೆ ಸೋಲಾರಿನ ತಪ್ಪಲ್ಲ. ಸಂಜೆ ಖರ್ಚಾದ ಬಿಸಿನೀರನ್ನು ಮರುದಿನದ ಬಿಸಿಲೇ ತುಂಬಬೇಕು.

ಕಾಯಿಲ್ ಮರೆತರೆ ಬಿಲ್ ನೆನಪಿಸುತ್ತದೆ

ಬಿಸಿ ಸಾಲದಾಗ ಜನ ಕಾಯಿಲ್ ಸ್ವಿಚ್ ಹಾಕುತ್ತಾರೆ, ತೆಗೆಯಲು ಮರೆಯುತ್ತಾರೆ. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 4 ಯೂನಿಟ್ ಕರೆಂಟ್ ಬೇಕು. 2 ಕಿಲೋವ್ಯಾಟ್ ಕಾಯಿಲಿಗೆ ಎರಡು ಗಂಟೆ. ದಿನವೂ ಹೀಗಾದರೆ ತಿಂಗಳಿಗೆ 120 ಯೂನಿಟ್. ರಾತ್ರಿಯೇ ಕಾಯಿಸಿಟ್ಟರೆ ಬೆಳಿಗ್ಗೆ ಸೂರ್ಯನಿಗೆ ಕೆಲಸವೇ ಇರುವುದಿಲ್ಲ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮದಂತೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮರೆತ ಒಂದು ಸ್ವಿಚ್ಚಿನಿಂದ ಸೊನ್ನೆ ಬಿಲ್ಲು ಸಾವಿರ ದಾಟಿದರೆ ಆಶ್ಚರ್ಯವಿಲ್ಲ.

ಕಾಯಿಲ್ ಮೋಡದ ದಿನಕ್ಕೆ ಮಾತ್ರ, ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ, ಥರ್ಮೋಸ್ಟಾಟ್ 50ರ ಆಸುಪಾಸಿನಲ್ಲಿರಲಿ. ನೀರು ಕಾದರೂ ಮೀಟರ್ ಓಡುತ್ತಲೇ ಇದ್ದರೆ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಬದಲಿಸಲೇಬೇಕು. ಅರ್ಥಿಂಗ್ ಮತ್ತು ಸೋರಿಕೆ ಕರೆಂಟ್ ತಡೆಯುವ ಬ್ರೇಕರ್ ಇಲ್ಲದೆ ಕಾಯಿಲ್ ಬಳಸಬಾರದು. ಸ್ನಾನಕ್ಕೆ ಇಳಿಯುವ ಮುನ್ನ ಸ್ವಿಚ್ ಬಂದ್ ಆಗಿರಬೇಕು. ಈ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬೇಕು.

ಹಾಸ್ಟೆಲ್, ಲಾಡ್ಜಿನವರಿಗೆ

ದೊಡ್ಡ ಸೋಲಾರಿನಲ್ಲಿ ಪಂಪು ನೀರು ಸುತ್ತಿಸುತ್ತದೆ. ಪಂಪಿಗೆ ಅಪ್ಪಣೆ ಕೊಡುವುದು ಕಂಟ್ರೋಲರ್. ಪ್ಲೇಟಿನ ಮೇಲೊಂದು, ಟ್ಯಾಂಕಿನ ಕೆಳಗೊಂದು ಸೆನ್ಸರ್ ಇರುತ್ತದೆ. ಪ್ಲೇಟು ಟ್ಯಾಂಕಿಗಿಂತ ಸಾಕಷ್ಟು ಬಿಸಿಯಾದರೆ ಪಂಪು ಓಡುತ್ತದೆ, ಅಂತರ ಕಡಿಮೆಯಾದರೆ ನಿಲ್ಲುತ್ತದೆ. ರಾತ್ರಿ ಪಂಪು ಓಡುತ್ತಿದ್ದರೆ ಸೆನ್ಸರ್ ಜಾರಿದೆ ಅಥವಾ ಸುಳ್ಳು ಹೇಳುತ್ತಿದೆ. ಎರಡೂ ಸೆನ್ಸರ್ ಒಂದೇ ಜಾತಿಯವಾಗಿದ್ದರೆ, ಕರೆಂಟ್ ತೆಗೆದು ಕಂಟ್ರೋಲರಿನಲ್ಲಿ ಅವುಗಳ ವೈರು ಅದಲುಬದಲು ಮಾಡಿ ನೋಡಬೇಕು. ತಪ್ಪು ಅಂಕಿ ವೈರಿನ ಜೊತೆ ಜಾಗ ಬದಲಿಸಿದರೆ ಸೆನ್ಸರ್ ಅಥವಾ ಅದರ ವೈರು ಕೆಟ್ಟಿದೆ. ಇದ್ದಲ್ಲೇ ಉಳಿದರೆ ಕಂಟ್ರೋಲರ್. ಸೆನ್ಸರಿನ ಬೆಲೆಯೇ ಬೇರೆ, ಕಂಟ್ರೋಲರಿನ ಬೆಲೆಯೇ ಬೇರೆ. ಹತ್ತು ನಿಮಿಷದ ಪರೀಕ್ಷೆ ಮಾಡದೆ ದೊಡ್ಡದನ್ನೇ ಬದಲಿಸುವ ರೂಢಿ ನಿಲ್ಲಬೇಕು.

ಕೇಳುವುದನ್ನು ಕಲಿಯಿರಿ

ಮೆಕ್ಯಾನಿಕ್ಕುಗಳೆಲ್ಲ ಮೋಸಗಾರರಲ್ಲ. ಬಿಸಿಲಲ್ಲಿ ಬೆಂದು ತಾರಸಿ ಹತ್ತುವ ಹುಡುಗರು ಅವರು. ಆದರೆ 'ಬಿಸಿ ಬರಲ್ಲ, ಬಂದು ನೋಡಿ' ಎಂದಷ್ಟೇ ಹೇಳಿದರೆ ಅವರೂ ಕತ್ತಲಲ್ಲಿ ಕೋಲು ಬೀಸಬೇಕಾಗುತ್ತದೆ. ಸಂಜೆ ಇಷ್ಟು ಡಿಗ್ರಿ, ಬೆಳಿಗ್ಗೆ ಇಷ್ಟು ಡಿಗ್ರಿ, ತಣ್ಣೀರಿನ ವಾಲ್ವ್ ಮುಚ್ಚಿದರೂ ನೀರು ನಿಲ್ಲಲಿಲ್ಲ, ಇಂತಿಷ್ಟು ಟ್ಯೂಬಿನ ತುದಿ ಬಿಳಿಚಿದೆ ಎಂದು ಹೇಳುವ ಗಿರಾಕಿಯ ಮುಂದೆ ಬೇಡದ ಪಾರ್ಟು ಹೊರಬರುವುದಿಲ್ಲ. ಬದಲಿಸಿದ ಹಳೆ ಪಾರ್ಟನ್ನು ಕೇಳಿ ಇಸಿದುಕೊಳ್ಳಿ. ಬಿಲ್ಲು ಬರೆಸಿಕೊಳ್ಳಿ. ವಾರಂಟಿ ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿರಲಿ.

ಮನೆ ಮಾಲೀಕರಿಗೆ ಒಂದು ಮಾತು. ಬಾಡಿಗೆ ಬೋರ್ಡಿನಲ್ಲಿ 'ಸೋಲಾರ್ ಇದೆ' ಎಂದು ಬರೆದವರು ನಲ್ಲಿಯ ಬಿಸಿಗೂ ಜವಾಬ್ದಾರರು. ಹೊಸ ಬಾಡಿಗೆದಾರರು ಪುಟ್ಟ ಮಕ್ಕಳನ್ನು ಕರೆದುಕೊಂಡು ಬರುವ ಮುಂಚೆ ಆ ಮಿಕ್ಸಿಂಗ್ ವಾಲ್ವ್ ಒಂದನ್ನು ಹಾಕಿಸಿಬಿಡಿ. ಏಪ್ರಿಲ್ ಮಧ್ಯಾಹ್ನದ ಸೂರ್ಯ ಬಾಡಿಗೆ ಕರಾರು ಪತ್ರ ಓದಿಕೊಂಡು ಉರಿಯುವುದಿಲ್ಲ.